ಹಲವು ದನಿಗಳಲ್ಲಿ ಸಾಗುವ ಕಾದಂಬರಿ ಓದೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಒಂದೇ ಲೇಖಕರಿಗೆ ಅಂಟಿಕೊಳ್ಳದೆ ಬೇರೆ ಬೇರೆ ಬಗೆಯ ಕಥೆಗಳನ್ನು ಓದಬೇಕು ಅಂತ ತುಂಬಾ ಆಸೆ ಇದೆ. ಆದರೆ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ತೇಜಸ್ವಿಯವರ ‘ಕರ್ವಾಲೊ’ (1980) ಸರಾಗವಾಗಿ ಓದಿಸಿಕೊಂಡು ಹೋಯಿತು. ಅಲ್ಲಿ ‘ನಾನು’ ಅಂತ ಕಥೆ ಹೇಳುವವರು ಒಬ್ಬರೇ. ಹಾರುವ ಓತಿ ಹುಡುಕುತ್ತಾ ಅವರ ಹಿಂದೆ ಹೋದರೆ ಸಾಕು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕೂಡ ಹಾಗೆಯೇ, ಚಿಕ್ಕದು, ಬಿಗಿಯಾಗಿದೆ.

ಕಷ್ಟ ಶುರುವಾಗೋದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಹಿಡಿದಾಗ. ಅಲ್ಲಿ ಒಬ್ಬ ನಾಯಕ ಅಂತ ಇಲ್ಲ. ಒಂದು ಮನೆಯ ಜನ ಪರಿಚಯ ಆಗುವಷ್ಟರಲ್ಲಿ ಕಥೆ ಇನ್ನೊಂದು ಮನೆಗೆ ಹೋಗಿರುತ್ತದೆ. ಭೈರಪ್ಪನವರ ‘ಪರ್ವ’ದಲ್ಲೂ (1979) ಒಂದೊಂದು ಭಾಗ ಒಬ್ಬೊಬ್ಬರ ನೆನಪಿನಲ್ಲಿ ಸಾಗುತ್ತದೆ. ಆದರೆ ಮಹಾಭಾರತದ ಹೆಸರುಗಳು ಮೊದಲೇ ಗೊತ್ತಲ್ವಾ, ಹಾಗಾಗಿ ಅಷ್ಟು ತೊಡಕಾಗಲಿಲ್ಲ.

ಪಾತ್ರಗಳ ಪಟ್ಟಿ ಬರೆದಿಟ್ಟುಕೊಂಡು ನೋಡಿದೆ. ಪದೇ ಪದೇ ಪಟ್ಟಿ ನೋಡುತ್ತಾ ಕಥೆಯ ಗುಂಗೇ ಹೋಗುತ್ತದೆ. ಮಧ್ಯೆ ಸಣ್ಣ ಕಥೆ ಓದಿ ವಾಪಸ್ ಬಂದರೆ ಹಿಂದಿನದು ಮರೆತಿರುತ್ತದೆ. ಜೋರಾಗಿ ಓದಿದಾಗ ಮಾತುಕತೆಯ ಭಾಗಗಳು ಚೆನ್ನಾಗಿ ಹಿಡಿದವು, ಆದರೆ ಯಾರು ಯಾರಿಗೆ ಏನಾಗಬೇಕು ಅನ್ನೋದು ಇನ್ನೂ ಗೋಜಲು. ಆ ಕಾಡು, ಆ ಜನ ಎಷ್ಟು ಇಷ್ಟವಾಗಿದ್ದಾರೆ ಅಂದರೆ ಪುಸ್ತಕ ಬಿಡೋಕೆ ಮನಸ್ಸಿಲ್ಲ.

ಓದಿ ಮುಗಿಸಿದವರು ದಯವಿಟ್ಟು ಹೇಳಿ: ಎಲ್ಲರ ಸಂಬಂಧ ನೆನಪಿಡದೆ ಸುಮ್ನೆ ಮುಂದೆ ಓದುತ್ತಾ ಹೋದರೆ ತಾನಾಗಿ ಕೂಡಿಕೊಳ್ಳುತ್ತದಾ? ಅಥವಾ ಇದಕ್ಕೂ ಮೊದಲು ಓದಬಹುದಾದ, ಹಲವರ ದನಿ ಇರುವ, ಸುಮಾರು ಇನ್ನೂರು ಪುಟದ ಕನ್ನಡ ಕಾದಂಬರಿ ಯಾವುದಾದರೂ ಇದೆಯಾ?