ನಿಲ್ಲಿಸಿಟ್ಟ ಕ್ಯಾಂಪರ್ ವ್ಯಾನ್: ಸೋಲಾರ್ ಪ್ಯಾನಲ್ ಇಟ್ಟರೂ ಬ್ಯಾಟರಿ ಖಾಲಿ ಆಗಿದ್ದು ಯಾಕೆ?

ರಸ್ತೆಗೆಳತಿ

ಎಲ್ಲರಿಗೂ ನಮಸ್ಕಾರ. ನಮ್ಮದೊಂದು ಕ್ಯಾಂಪರ್ ವ್ಯಾನ್ ಇದೆ. ವರ್ಷಕ್ಕೆ ಮೂರ್ನಾಲ್ಕು ಸಲ ಹೊರಡುತ್ತೇವೆ, ಉಳಿದ ದಿನ ಅದು ಸುಮ್ನೆ ನಿಂತಿರುತ್ತದೆ. ಎಂಜಿನ್‌ಗೆ ಒಂದು ಬ್ಯಾಟರಿ. ಒಳಗಿನ ಲೈಟು, ನೀರಿನ ಪಂಪು, ಫ್ಯಾನುಗಳಿಗೆ ಬೇರೆಯದೇ ಒಂದು 100 ಆಂಪ್ ಅವರ್ (ಅಂದರೆ ಒಂದು ಆಂಪಿಯರ್ ಕರೆಂಟನ್ನು ಸುಮಾರು ನೂರು ಗಂಟೆ ಕೊಡುವಷ್ಟು) ಲೆಡ್ ಆಸಿಡ್ ಬ್ಯಾಟರಿ. ಅಮ್ಮನಿಗೆ ರಾತ್ರಿ ಹಾಕಿಕೊಳ್ಳುವ ಉಸಿರಾಟದ ಮೆಷಿನ್ ಕೂಡ ಇದರ ಮೇಲೇ ಓಡಬೇಕು. ಹಾಗಾಗಿ ಈ ಬ್ಯಾಟರಿ ವಿಷಯದಲ್ಲಿ ನನಗೆ ಭಯ ಜಾಸ್ತಿ.

ಹೋದ ಸಲ ಗಾಡಿ ಎರಡು ತಿಂಗಳು ನಿಂತಿತ್ತು. ಚಾರ್ಜ್ ಇಳಿಯಬಾರದು ಅಂತ 20 ವ್ಯಾಟ್‌ನ ಚಿಕ್ಕ ಸೋಲಾರ್ ಪ್ಯಾನಲ್ ತಂದೆ. ಮುಂದಿನ ಗಾಜಿನ ಒಳಗೆ ಡ್ಯಾಶ್‌ಬೋರ್ಡ್ ಮೇಲೆ ಇಟ್ಟೆ. ಅದರ ಜೊತೆ ಬಂದ ಪಿನ್ನನ್ನು ಅಲ್ಲೇ ಇರುವ ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚಿದೆ. ಪ್ಯಾನಲ್ ಮೇಲೆ ಪುಟ್ಟ ನೀಲಿ ದೀಪ ಮಿನುಗುತ್ತಿತ್ತು. ಸರಿ, ಕೆಲಸ ಆಯ್ತು ಅಂದುಕೊಂಡೆ.

ಎರಡು ತಿಂಗಳ ನಂತರ ಬಾಗಿಲು ತೆಗೆದು ಸ್ವಿಚ್ ಒತ್ತಿದರೆ ಒಂದು ಲೈಟೂ ಹತ್ತಲಿಲ್ಲ. ಮೀಟರ್ ಇಟ್ಟು ನೋಡಿದೆ, 10.4 ವೋಲ್ಟ್. ಎರಡು ದಿನ ಚಾರ್ಜರ್ ಹಾಕಿಟ್ಟರೂ ಮೊದಲಿನ ದಮ್ಮು ಬರಲಿಲ್ಲ. ರಾತ್ರಿ ಹತ್ತಕ್ಕೆ ಮೆಷಿನ್ ಹಚ್ಚಿದರೆ ಎರಡು ಗಂಟೆಗೆಲ್ಲ ನಿಂತುಬಿಡುತ್ತಿತ್ತು. ಎಂಜಿನ್ ಮಾತ್ರ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಈಗ ಹೊಸ ಬ್ಯಾಟರಿ ಹಾಕಿಸಿದ್ದೇವೆ. ಮುಂದಿನ ತಿಂಗಳಿಂದ ಗಾಡಿ ನಾಲ್ಕು ತಿಂಗಳು ನಿಲ್ಲುತ್ತದೆ. ಎಷ್ಟು ವ್ಯಾಟ್‌ನ ಪ್ಯಾನಲ್ ಬೇಕು? ಎಲ್ಲಿ ಜೋಡಿಸಬೇಕು? ಒಳಗಿನ ಬ್ಯಾಟರಿಯ ಮೇನ್ ಸ್ವಿಚ್ ಆಫ್ ಮಾಡಿದರೆ ಸೋಲಾರ್ ಚಾರ್ಜ್ ಆಗುವುದಿಲ್ಲ ಅಂತ ಹೋದ ಸಲ ಅದನ್ನು ಆನ್‌ನಲ್ಲೇ ಬಿಟ್ಟಿದ್ದೆ. ಅದು ಸರಿಯೇ?

ಬೆಟ್ಟದ ದಾರಿ

20 ವ್ಯಾಟ್ ಏನೂ ಸಾಲದು. ಟಾಪ್ ಮೇಲೆ 100 ವ್ಯಾಟ್ ಹಾಕಿಸಿಬಿಡಿ. ನಮ್ಮದರಲ್ಲಿ ಹಾಗೇ ಇದೆ, ಇವತ್ತಿನವರೆಗೆ ತೊಂದರೆ ಬಂದಿಲ್ಲ.

ಹಳೇ ವೈರಿಂಗ್

ಮೇಡಂ, ಪ್ಯಾನಲ್ ಕೊಳ್ಳುವುದಕ್ಕೆ ಸ್ವಲ್ಪ ತಡೆಯಿರಿ. ನಾನು ಗಾಡಿಗಳ ವೈರಿಂಗ್ ಕೆಲಸವನ್ನೇ ಮಾಡಿಕೊಂಡು ಬಂದವನು. ಏನಾಗಿದೆ ಅಂತ ನೀವೇ ಒಂದು ಸಾಲಿನಲ್ಲಿ ಹೇಳಿಬಿಟ್ಟಿದ್ದೀರಿ: ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಡ್ಯಾಶ್‌ಬೋರ್ಡಿನ ಲೈಟರ್ ಸಾಕೆಟ್ ಸಾಮಾನ್ಯವಾಗಿ ಎಂಜಿನ್ ಬ್ಯಾಟರಿಗೆ ಸೇರಿದ್ದು. ನಿಮ್ಮ ಪ್ಯಾನಲ್ ಎರಡು ತಿಂಗಳೂ ಎಂಜಿನ್ ಬ್ಯಾಟರಿಯನ್ನು ಸಾಕಿದೆ. ಒಳಗಿನ ಬ್ಯಾಟರಿಗೆ ಅದರಿಂದ ಒಂದು ಹನಿಯೂ ಹೋಗಿಲ್ಲ. ಎಷ್ಟೋ ಗಾಡಿಗಳಲ್ಲಿ ಕೀ ತೆಗೆದರೆ ಆ ಸಾಕೆಟ್ ಪೂರ್ತಿ ಸತ್ತೇ ಹೋಗುತ್ತದೆ. ಅಂಥ ಗಾಡಿಯಾಗಿದ್ದರೆ ಎಂಜಿನ್ ಬ್ಯಾಟರಿಗೂ ಏನೂ ಸಿಗುತ್ತಿರಲಿಲ್ಲ. ಆ ನೀಲಿ ದೀಪಕ್ಕೆ ಪ್ಯಾನಲ್ ಮೇಲೆ ಬೆಳಕು ಬಿದ್ದಿರುವುದು ಮಾತ್ರ ಗೊತ್ತು. ಕರೆಂಟು ಯಾವ ಬ್ಯಾಟರಿಗೆ ಹೋಗುತ್ತಿದೆ ಅಂತ ಅದು ಹೇಳುವುದಿಲ್ಲ.

ಇನ್ನು ಒಳಗಿನ ಬ್ಯಾಟರಿ ಖಾಲಿಯಾಗಿದ್ದು ಹೇಗೆ? ಬ್ಯಾಟರಿ ತಾನಾಗಿ ಇಳಿಯುವುದು ತಿಂಗಳಿಗೆ ನೂರಕ್ಕೆ ಸುಮಾರು ಐದು ಪಾಲು. ಬಿಸಿಲಲ್ಲಿ ಕಾದರೆ ಇನ್ನಷ್ಟು. ಆದರೆ ಅಷ್ಟರಿಂದಲೇ ಎರಡು ತಿಂಗಳಲ್ಲಿ 10.4ಕ್ಕೆ ಬರುವುದಿಲ್ಲ. ಯಾವುದೋ ಸಾಮಾನು ಹಗಲು ರಾತ್ರಿ ಕರೆಂಟು ಕುಡಿಯುತ್ತಿದೆ. ಮೊದಲು ಅದನ್ನು ಹಿಡಿಯಿರಿ. ಸೋರುವ ಕೊಡಕ್ಕೆ ದೊಡ್ಡ ನಲ್ಲಿ ಇಟ್ಟು ಏನು ಪ್ರಯೋಜನ?

ಅಳೆಯುವುದು ಸುಲಭ. ಎಲ್ಲ ಲೈಟು, ಪಂಪು ಆಫ್ ಮಾಡಿ. ಒಳಗಿನ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ. ಮೀಟರನ್ನು 10 ಆಂಪಿಯರ್ ರೇಂಜ್‌ಗೆ ಇಟ್ಟು, ಬಿಚ್ಚಿದ ಕೇಬಲ್‌ಗೆ ಒಂದು ಕಡ್ಡಿ, ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಇನ್ನೊಂದು ಕಡ್ಡಿ ಇಡಿ. ಐದು ನಿಮಿಷ ಕಾದು ಅಂಕಿ ಬರೆದುಕೊಳ್ಳಿ. ಆಮೇಲೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ, ಯಾವುದಕ್ಕೆ ಎಷ್ಟು ಇಳಿಯಿತು ಅಂತ. ಮೀಟರ್ ಹಾಗೆ ಇರುವಾಗ ಪಂಪು ಹಾಕಬೇಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಮೀಟರಿನ ಫ್ಯೂಸ್ ಹೋಗುತ್ತದೆ.

ಹಳೆಯ ಬ್ಯಾಟರಿ ಯಾಕೆ ಚೇತರಿಸಿಕೊಳ್ಳಲಿಲ್ಲ ಅನ್ನುವುದೂ ಗೊತ್ತಿರಲಿ. ಪೂರ್ತಿ ತುಂಬಿದ ಲೆಡ್ ಆಸಿಡ್ ಬ್ಯಾಟರಿ ಸುಮ್ಮನಿರುವಾಗ 12.6, 12.7 ವೋಲ್ಟ್ ತೋರಿಸುತ್ತದೆ. 12.2 ಅಂದರೆ ಹತ್ತಿರ ಹತ್ತಿರ ಅರ್ಧ ಖಾಲಿ. ಖಾಲಿಯಾಗುತ್ತಾ ಹೋದಂತೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಕರಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗಿ ಅಂಟಿಕೊಳ್ಳುತ್ತದೆ, ಆಮೇಲೆ ಚಾರ್ಜರಿಗೆ ಬಗ್ಗುವುದಿಲ್ಲ. ನಿಮ್ಮ ಬ್ಯಾಟರಿಗೆ ಆಗಿದ್ದು ಇದೇ.

ರಸ್ತೆಗೆಳತಿ

ಸರ್, ನಿಮ್ಮ ಉತ್ತರ ಓದಿ ತುಂಬಾ ಹೊತ್ತು ಗಾಡಿಯಲ್ಲೇ ಕೂತಿದ್ದೆ. ಇವತ್ತು ಇಡೀ ಬೆಳಿಗ್ಗೆ ಅಳೆದೆ. ಅಂಕಿಗಳು ಇಲ್ಲಿವೆ.

ಎಲ್ಲ ಆಫ್ ಮಾಡಿದರೂ 0.31 ಆಂಪಿಯರ್ ಹೋಗುತ್ತಿತ್ತು. ಗ್ಯಾಸ್ ಸೋರಿಕೆಯ ಅಲಾರಂ 0.09. ಟಿವಿ ಆಂಟೆನಾದ ಬೂಸ್ಟರ್ 0.08. ಅದು ಆನ್ ಇರುವುದೇ ನಮಗೆ ಗೊತ್ತಿರಲಿಲ್ಲ, ಬಟನ್ ಕಪಾಟಿನ ಒಳಗಿದೆ. ವೋಲ್ಟ್ ತೋರಿಸುವ ಎರಡು ಯುಎಸ್‌ಬಿ ಸಾಕೆಟ್ ಸೇರಿ 0.04. ಸ್ಟೀರಿಯೋ 0.03. ಉಳಿದ 0.07 ಫ್ರಿಜ್ಜಿನ ಫ್ಯೂಸ್ ಕಿತ್ತಾಗ ಹೋಯಿತು. ಫ್ರಿಜ್ ಆಫ್ ಇದ್ದರೂ ಅದರೊಳಗಿನ ಬೋರ್ಡ್ ಎಚ್ಚರವಾಗಿಯೇ ಇರುತ್ತದೆ ಅನ್ನಿಸುತ್ತದೆ.

ಲೆಕ್ಕ ಹಾಕಿದೆ. 0.31 ಅಂದರೆ ದಿನಕ್ಕೆ ಏಳೂವರೆ ಆಂಪ್ ಅವರ್. ಎರಡು ವಾರದಲ್ಲೇ ಬ್ಯಾಟರಿ ಹೆಚ್ಚುಕಡಿಮೆ ಮುಗಿದಿತ್ತು. ನಾವು ಒಂದೂವರೆ ತಿಂಗಳು ಸತ್ತ ಬ್ಯಾಟರಿಯನ್ನು ನಂಬಿಕೊಂಡಿದ್ದೆವು.

ಮೇನ್ ಸ್ವಿಚ್ ಆಫ್ ಮಾಡಿಯೂ ನೋಡಿದೆ. ಸೊನ್ನೆ ಆಗಲಿಲ್ಲ, 0.12ಕ್ಕೆ ನಿಂತಿತು. ಅಲಾರಂ ಮತ್ತು ಸ್ಟೀರಿಯೋ ಸ್ವಿಚ್ ದಾಟಿ ನೇರವಾಗಿ ಬ್ಯಾಟರಿಗೆ ಹೋಗಿವೆ. ಅಲಾರಂ ಫ್ಯೂಸ್ ತೆಗೆದುಬಿಡಲೇ?

ಹಳೇ ವೈರಿಂಗ್

ತುಂಬಾ ಚೆನ್ನಾಗಿ ಅಳೆದಿದ್ದೀರಿ. ಅಲಾರಂ ಮುಟ್ಟಬೇಡಿ ಮೇಡಂ. ಮುಂದಿನ ಸಲ ಹೊರಡುವ ಗಡಿಬಿಡಿಯಲ್ಲಿ ಆ ಫ್ಯೂಸ್ ಮರೆತರೆ ಅಮ್ಮ ಮಲಗಿರುವ ಗಾಡಿಯಲ್ಲಿ ಕಾವಲು ಇಲ್ಲದಂತಾಗುತ್ತದೆ. ಅದರ ಖರ್ಚನ್ನು ಪ್ಯಾನಲ್ ಹೊರಲಿ. ಸ್ಟೀರಿಯೋ ಫ್ಯೂಸ್ ಬೇಕಾದರೆ ತೆಗೆಯಿರಿ. ಸಿಲಿಂಡರ್ ವಾಲ್ವ್ ಮಾತ್ರ ಮುಚ್ಚಿಯೇ ಗಾಡಿ ನಿಲ್ಲಿಸಿ.

0.12 ಅಂದರೆ ದಿನಕ್ಕೆ ಸುಮಾರು 3 ಆಂಪ್ ಅವರ್. 50 ವ್ಯಾಟ್ ಪ್ಯಾನಲ್ ಒಳ್ಳೆಯ ಬಿಸಿಲಿನಲ್ಲಿ ಎರಡೂವರೆ ಆಂಪಿಯರ್ ಚಿಲ್ಲರೆ ಕೊಡುತ್ತದೆ. ನಾಲ್ಕು ಗಂಟೆ ನೇರ ಬಿಸಿಲು ಸಿಕ್ಕರೆ, ನಷ್ಟ ಕಳೆದು 8 ಆಂಪ್ ಅವರ್ ಅಂತ ಇಟ್ಟುಕೊಳ್ಳಿ. ಮೋಡದ ದಿನ ಅರ್ಧವೇ ಬಂದರೂ ನಡೆಯುತ್ತದೆ. ಗಾಜಿನ ಒಳಗೆ ಇಡಬೇಡಿ. ಗಾಜು, ಅದರ ಬಣ್ಣ, ಓರೆ ಎಲ್ಲ ಸೇರಿ ಬೆಳಕಿನ ದೊಡ್ಡ ಪಾಲು ತಿಂದುಹಾಕುತ್ತವೆ. ಹೊರಗೆ, ನೆರಳು ಬೀಳದ ಕಡೆ ಇಡಿ. ಪ್ಯಾನಲ್‌ನ ಒಂದು ಮೂಲೆಗೆ ನೆರಳು ಬಿದ್ದರೂ ಕರೆಂಟು ಜೋರಾಗಿ ಇಳಿಯುತ್ತದೆ.

ಪ್ಯಾನಲ್ ಮತ್ತು ಬ್ಯಾಟರಿ ನಡುವೆ ಚಾರ್ಜನ್ನು ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರ್ ಬೇಕೇ ಬೇಕು. 12 ವೋಲ್ಟ್ ಪ್ಯಾನಲ್ ಅಂತ ಕರೆದರೂ ಏನೂ ಜೋಡಿಸದಿದ್ದಾಗ ಅದು 21, 22 ವೋಲ್ಟ್ ಕೊಡುತ್ತದೆ. ಕಂಟ್ರೋಲರ್ ಇಲ್ಲದೆ ತಿಂಗಳುಗಟ್ಟಲೆ ಬಿಟ್ಟರೆ ಬ್ಯಾಟರಿ ನೀರು ಕುದಿದು ಬತ್ತುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಪಿಡಬ್ಲ್ಯೂಎಂ ಅನ್ನುವ ಸರಳ ಬಗೆಯ ಕಂಟ್ರೋಲರ್ ಸಾಕು, ಎಂಪಿಪಿಟಿ ಅನ್ನುವ ದುಬಾರಿ ಬಗೆ ಬೇಡ. ಬ್ಯಾಟರಿ ತುಂಬಿದ ಮೇಲೆ 13.6 ವೋಲ್ಟ್ ಆಸುಪಾಸಿನಲ್ಲಿ ಹಿಡಿದು ನಿಲ್ಲಿಸುವಂಥದ್ದು ತೆಗೆದುಕೊಳ್ಳಿ.

ನಿಮ್ಮ ಮೇನ್ ಸ್ವಿಚ್ ಪ್ರಶ್ನೆ. ಕಂಟ್ರೋಲರ್ ವೈರನ್ನು ನೇರವಾಗಿ ಬ್ಯಾಟರಿಯ ಕಂಬಗಳಿಗೇ ಜೋಡಿಸಿ. ಆಗ ಸ್ವಿಚ್ ಆಫ್ ಇದ್ದರೂ ಚಾರ್ಜ್ ಆಗುತ್ತದೆ. ಸ್ವಿಚ್‌ನ ಆಚೆ ಬದಿಗೆ ಜೋಡಿಸಿದ್ದರೆ ಮಾತ್ರ ನೀವು ಹೆದರಿದ ಹಾಗೆ ಆಗುತ್ತದೆ. ಪಾಸಿಟಿವ್ ವೈರಿಗೆ, ಬ್ಯಾಟರಿಗೆ ಆದಷ್ಟು ಹತ್ತಿರ, ಒಂದು ಫ್ಯೂಸ್ ಇರಲಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಬಿಚ್ಚುವಾಗ ಮೊದಲು ಪ್ಯಾನಲ್. ಎಂಜಿನ್ ಬ್ಯಾಟರಿಗೆ ನಿಮ್ಮ ಹಳೆಯ 20 ವ್ಯಾಟ್‌ದೇ ಇರಲಿ, ಅದಕ್ಕೂ ಒಂದು ಚಿಕ್ಕ ಕಂಟ್ರೋಲರ್ ಹಾಕಿ.

ಹಿಮಯಾತ್ರಿ

ಲಿಥಿಯಂ ಬ್ಯಾಟರಿ ಇರುವವರು ಇದನ್ನು ಓದಿ ಹಾಗೇ ಮಾಡಬೇಡಿ. ಲಿಥಿಯಂ ಐರನ್ ಫಾಸ್ಫೇಟ್ ಅನ್ನು ಸದಾ ತುಂಬಿಸಿಡುವ ಅಗತ್ಯ ಇಲ್ಲ. ಅರ್ಧದ ಆಸುಪಾಸಿನಲ್ಲಿ ಬಿಟ್ಟು, ಪೂರ್ತಿ ಬೇರ್ಪಡಿಸಿಡುವುದು ಒಳ್ಳೆಯದು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ ಒಳಗೆ ಶಾಶ್ವತ ಹಾನಿ ಆಗುತ್ತದೆ. ಚಳಿಯಲ್ಲಿ ನಿಂತ ಗಾಡಿಗೆ ಬೆಳಗಿನ ಬಿಸಿಲು ಬಿದ್ದ ತಕ್ಷಣ ಸೋಲಾರ್ ಚಾರ್ಜ್ ಶುರು ಮಾಡುತ್ತದೆ ಅಲ್ವಾ, ಅಪಾಯ ಅಲ್ಲೇ ಇದೆ. ಲೆಡ್ ಆಸಿಡ್‌ನಲ್ಲಿ ಇದು ತಿರುಗುಮುರುಗು: ತುಂಬಿದ್ದರೆ ಕೊರೆಯುವ ಚಳಿಯನ್ನೂ ತಡೆಯುತ್ತದೆ, ಖಾಲಿ ಇದ್ದರೆ ಹೆಪ್ಪುಗಟ್ಟಿ ಒಡೆಯುತ್ತದೆ.

ರಸ್ತೆಗೆಳತಿ

ಗಾಡಿ ನಿಲ್ಲಿಸಿ ಮೂರು ವಾರ ಆಯಿತು. ಸರ್ ಹೇಳಿದ ಹಾಗೇ ಜೋಡಿಸಿದ್ದೇವೆ. ಇವತ್ತು ಸೂರ್ಯ ಹುಟ್ಟುವ ಮೊದಲೇ ಹೋಗಿ ನೋಡಿದೆ, 12.7. ಮಧ್ಯಾಹ್ನ 13.6. ಬಾಗಿಲು ತೆಗೆದು ಒಂದು ಲೈಟು ಹಾಕಿದೆ, ಸುಮ್ನೆ ನೋಡುವುದಕ್ಕೆ. ಅಮ್ಮನಿಗೂ ಫೋನ್ ಮಾಡಿ ಹೇಳಿದೆ.

ಒಂದೇ ಒಂದು ಪ್ರಶ್ನೆ ಉಳಿದಿದೆ ಸರ್. ಧೂಳಿಗೆ ಗಾಡಿಯ ಮೇಲೆ ಕವರ್ ಹೊದಿಸಬಹುದೇ?

ಹಳೇ ವೈರಿಂಗ್

ಹೊದಿಸಿ ಮೇಡಂ, ಪ್ಯಾನಲ್ ಮಾತ್ರ ಕವರಿನ ಹೊರಗಿರಲಿ. ವೈರು ಹೊರಬರುವ ಕಡೆ ಬಟ್ಟೆಯಾಗಲಿ ತಗಡಾಗಲಿ ಉಜ್ಜದ ಹಾಗೆ ರಬ್ಬರ್ ಸುತ್ತಿ. ಎರಡು ವಾರಕ್ಕೊಮ್ಮೆ ಪ್ಯಾನಲ್ ಒರೆಸಿ. ತಿಂಗಳಿಗೊಮ್ಮೆ ಬ್ಯಾಟರಿಯ ಮುಚ್ಚಳ ತೆಗೆದು ನೀರು ನೋಡಿ. ಪ್ಲೇಟು ಕಾಣುತ್ತಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ, ನಲ್ಲಿ ನೀರು ಬೇಡ.