ಉಪಗ್ರಹದ ನಕ್ಷೆಯಲ್ಲಿ ಹೊಗೆ, ಅಂಗಳದಲ್ಲಿ ತಿಳಿ ಗಾಳಿ: ಯಾವುದನ್ನು ನಂಬಲಿ?

ಪ್ರಶ್ನೆ (ನ್ಯೂಜೆರ್ಸಿಯಿಂದ): ನಮಸ್ಕಾರ ಮೇಡಂ. ನೀವು ಉಪಗ್ರಹದ ಮಾಹಿತಿಯಿಂದ ಗಾಳಿಯ ಅಧ್ಯಯನ ಮಾಡುತ್ತೀರಿ ಅಂತ ಗುಂಪಿನಲ್ಲಿ ಗೊತ್ತಾಯಿತು. 2023ರ ಜೂನ್‌ನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ಇಲ್ಲಿಗೆ ಬಂದಾಗ ಮಗನಿಗೆ ಉಬ್ಬಸ ಜಾಸ್ತಿಯಾಗಿ ತುಂಬಾ ಒದ್ದಾಡಿದ. ಅಲ್ಲಿಂದ ಇತ್ತ ಉಪಗ್ರಹದ ಹೊಗೆ ನಕ್ಷೆ ನೋಡದೆ ಅವನನ್ನು ಆಟಕ್ಕೆ ಬಿಡುವುದಿಲ್ಲ. ಮೊನ್ನೆ ನಕ್ಷೆಯಲ್ಲಿ ನಮ್ಮೂರಿನ ಮೇಲೆ ದಟ್ಟ ಹೊಗೆ ಇತ್ತು. ಹೊರಗೆ ಹೋದರೆ ವಾಸನೆಯೂ ಇಲ್ಲ, ಕಣ್ಣುರಿಯೂ ಇಲ್ಲ. ನಕ್ಷೆ ತಪ್ಪಾ?

ಉತ್ತರ: ಮಗು ಈಗ ಚೆನ್ನಾಗಿದ್ದಾನೆ ಅಂದುಕೊಂಡಿದ್ದೇನೆ. ಆ ನಕ್ಷೆ ಸರಿಯಾಗಿಯೇ ಇದ್ದಿರಬಹುದು, ನಿಮ್ಮ ಮೂಗು ಹೇಳಿದ್ದೂ ಸರಿ.

ಉಪಗ್ರಹ ಮೇಲಿನಿಂದ ನೋಡುತ್ತದೆ. ಬಿಸಿಲು ಹೊಗೆಯ ಕಣಗಳಿಗೆ ತಾಗಿ ಎಷ್ಟು ಚದುರಿತು ಅಂತ ಅಳೆದು, ಮೇಲಿನಿಂದ ನೆಲದವರೆಗಿನ ಹೊಗೆಯನ್ನೆಲ್ಲ ಸೇರಿಸಿ ಒಂದೇ ಲೆಕ್ಕ ಕೊಡುತ್ತದೆ. ಹೊಗೆ ನಾಲ್ಕು ಕಿಲೋಮೀಟರ್ ಎತ್ತರದಲ್ಲಿ ತೇಲುತ್ತಿರಲಿ, ನಿಮ್ಮ ಅಂಗಳದಲ್ಲೇ ಕೂತಿರಲಿ, ನಕ್ಷೆಯಲ್ಲಿ ಬಣ್ಣ ಒಂದೇ.

2023ರಲ್ಲೇ ಎರಡೂ ಥರ ನೋಡಿದೆವು. ಜೂನ್ ಮೊದಲ ವಾರ ಕ್ವಿಬೆಕ್ ಕಾಡಿನ ಹೊಗೆಯನ್ನು ಉತ್ತರದ ಗಾಳಿ ಕೆಳಮಟ್ಟದಲ್ಲೇ ಎಳೆದು ತಂದಿತು. 7ನೇ ತಾರೀಖು ನ್ಯೂಯಾರ್ಕಿನ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತು, ಜನ ಅದೇ ಗಾಳಿಯನ್ನು ಉಸಿರಾಡಿದರು. ಅದೇ ತಿಂಗಳ ಕೊನೆಗೆ ಕೆನಡಾದ ಹೊಗೆ ಅಟ್ಲಾಂಟಿಕ್ ದಾಟಿ ಪೋರ್ಚುಗಲ್, ಸ್ಪೇನ್‌ವರೆಗೂ ಹೋಯಿತು. ಉಪಗ್ರಹದ ಚಿತ್ರದಲ್ಲಿ ಉದ್ದನೆಯ ಹೊಗೆಪಟ್ಟಿ ಚೆನ್ನಾಗಿ ಕಾಣುತ್ತಿತ್ತು. ಆದರೆ ಬಹುಪಾಲು ಹೊಗೆ ಮೇಲೆಯೇ ಉಳಿಯಿತು. ಅಲ್ಲಿ ಸಂಜೆಯ ಸೂರ್ಯ ಕೆಂಪಾಗಿ ಕಂಡ, ನೆಲದ ಗಾಳಿ ಅಷ್ಟೇನೂ ಕೆಡಲಿಲ್ಲ.

ಆ ವರ್ಷ ಕೆನಡಾದಲ್ಲಿ ಸುಟ್ಟದ್ದು ಸುಮಾರು 1.5 ಕೋಟಿ ಹೆಕ್ಟೇರ್. ನಮ್ಮ ಇಡೀ ಕರ್ನಾಟಕ 1.92 ಕೋಟಿ ಹೆಕ್ಟೇರ್ ಇದೆ, ಊಹಿಸಿಕೊಳ್ಳಿ.

ಮಗನ ವಿಷಯದಲ್ಲಿ ನನ್ನ ಮಾತು ಇಷ್ಟೇ: ಆಟಕ್ಕೆ ಬಿಡಬೇಕೋ ಬೇಡವೋ ಅನ್ನುವುದಕ್ಕೆ ನೆಲದ ಮೇಲಿನ ಮಾಪಕದ ಪಿಎಂ 2.5, ಅಂದರೆ ಶ್ವಾಸಕೋಶಕ್ಕೆ ಇಳಿಯುವಷ್ಟು ಸಣ್ಣ ಕಣಗಳ ಅಂಕಿ ನೋಡಿ. ಅಮೆರಿಕ ಸರ್ಕಾರದ ಏರ್‌ನೌ ಜಾಲತಾಣದ ಫೈರ್ ಅಂಡ್ ಸ್ಮೋಕ್ ಮ್ಯಾಪ್‌ನಲ್ಲಿ ಮಾಪಕಗಳೂ ಹೊಗೆಯ ಹರವೂ ಒಟ್ಟಿಗೆ ಸಿಗುತ್ತವೆ. ಹೊಗೆ ಯಾವ ಕಡೆಯಿಂದ ಬರುತ್ತಿದೆ, ನಾಳೆ ಎಚ್ಚರ ಬೇಕಾ ಅನ್ನುವುದಕ್ಕೆ ಉಪಗ್ರಹ ನೋಡಿ.

ಮರುಪ್ರಶ್ನೆ (ಅವರದೇ): ಹಾಗಾದರೆ ಹೊಗೆ ಎಷ್ಟು ಎತ್ತರದಲ್ಲಿದೆ ಅಂತ ಉಪಗ್ರಹಕ್ಕೆ ತಿಳಿಯುವುದೇ ಇಲ್ವಾ? ಇನ್ನೊಂದು, 2023ರಲ್ಲಿ ಹೊಗೆ ತುಂಬಾ ದಟ್ಟ ಇದ್ದ ಜಾಗದಲ್ಲೇ ನಕ್ಷೆ ಖಾಲಿ ಇತ್ತು!

ಉತ್ತರ: ಲೇಸರ್ ಇರುವ ಉಪಗ್ರಹಕ್ಕೆ ತಿಳಿಯುತ್ತದೆ. ಬೆಳಕನ್ನು ಕೆಳಗೆ ಬಿಟ್ಟು, ಅದು ವಾಪಸ್ ಬರಲು ಹಿಡಿದ ಸಮಯದಿಂದ ಎತ್ತರ ಲೆಕ್ಕ ಹಾಕುತ್ತದೆ. ಕ್ಯಾಲಿಪ್ಸೊ 2006ರಿಂದ 2023ರವರೆಗೆ ಈ ಕೆಲಸ ಮಾಡಿತು. 2024ರ ಮೇನಲ್ಲಿ ಅರ್ಥ್‌ಕೇರ್ ಹಾರಿತು. ಆದರೆ ಇವು ನೋಡುವುದು ತಮ್ಮ ದಾರಿಯ ಕೆಳಗಿನ ಒಂದು ಸಣ್ಣ ಗೆರೆಯಷ್ಟನ್ನು ಮಾತ್ರ. ಆ ಗೆರೆ ನಿಮ್ಮೂರಿನ ಮೇಲೇ ಹೋಗಬೇಕಲ್ಲ.

ಖಾಲಿ ಜಾಗವನ್ನು ಗಮನಿಸಿದ್ದು ಬಹಳ ಒಳ್ಳೆಯದಾಯಿತು. ಹೊಗೆ ತೀರಾ ದಟ್ಟವಾದರೆ ಲೆಕ್ಕ ಹಾಕುವ ಪ್ರೋಗ್ರಾಂ ಅದನ್ನು ಮೋಡ ಅಂದುಕೊಂಡು ಬಿಟ್ಟುಬಿಡುತ್ತದೆ. ಹಾಗಾಗಿ ಖಾಲಿ ಇದೆ ಅಂದ ಮಾತ್ರಕ್ಕೆ ಗಾಳಿ ಶುದ್ಧ ಅಂತ ದಯವಿಟ್ಟು ತಿಳಿಯಬೇಡಿ. ನಾವು ಇಂಥ ಕಡೆ ಸೆಂಟಿನೆಲ್-5ಪಿ ಉಪಗ್ರಹದಲ್ಲಿರುವ, ನೇರಳಾತೀತ ಕಿರಣವನ್ನೂ ಅಳೆಯುವ ಟ್ರೊಪೊಮಿ ಉಪಕರಣದ ಮಾಹಿತಿ ನೋಡುತ್ತೇವೆ. ಹೊಗೆ ನೇರಳಾತೀತ ಕಿರಣವನ್ನು ಹೀರುತ್ತದೆ, ಬಿಳಿ ಮೋಡ ಹಾಗೆ ಹೀರುವುದಿಲ್ಲ. ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಇದ್ದರೆ ಹೊಗೆ ಅನ್ನುವುದು ಇನ್ನಷ್ಟು ಗಟ್ಟಿ. ಕಣಗಳು ಮಳೆಗೆ ತೊಳೆದುಹೋದರೂ ಈ ಅನಿಲ ವಾರಗಟ್ಟಲೆ ಗಾಳಿಯಲ್ಲಿರುತ್ತದೆ.

ಪ್ರಶ್ನೆ (ಗುಂಡ್ಲುಪೇಟೆಯಿಂದ): ಮೇಡಂ, ನಮ್ಮ ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ಬೆಂಕಿ ಬಿತ್ತಲ್ಲ, ಆ ಥರದ್ದೂ ಕಾಣುತ್ತಾ? ಕೆನಡಾಕ್ಕೆ ಹೋಲಿಸಿದರೆ ನಮ್ಮದು ಸಣ್ಣದು.

ಉತ್ತರ: ಕಾಣುತ್ತದೆ ಅಣ್ಣ. ಕೆಲವು ಉಪಗ್ರಹಗಳಲ್ಲಿರುವ ವಿಐಐಆರ್‌ಎಸ್ ಅನ್ನುವ ಉಪಕರಣದ ಚಿತ್ರದಲ್ಲಿ ಒಂದು ಚೌಕ ಸುಮಾರು 375 ಮೀಟರ್ ಅಗಲ. ಬೆಂಕಿ ಅದರಲ್ಲಿ ಒಂದು ಮೂಲೆಯಷ್ಟೇ ಇದ್ದರೂ, ಬಿಸಿ ಎಷ್ಟೆಂದರೆ ಇಡೀ ಚೌಕವೇ ಎದ್ದು ಕಾಣುತ್ತದೆ. ರಾತ್ರಿಯೂ ಕಾಣುತ್ತದೆ.

ತೊಂದರೆ ಇರುವುದು ಸಮಯದಲ್ಲಿ. ಈ ಉಪಗ್ರಹಗಳು ನಮ್ಮ ತಲೆಯ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆ ಆಸುಪಾಸು. ಸಂಜೆ ನಾಲ್ಕಕ್ಕೆ ಹತ್ತಿ ಎಂಟಕ್ಕೆ ಆರಿದ ಬೆಂಕಿ ತಪ್ಪಿಸಿಕೊಳ್ಳುತ್ತದೆ. ನಮ್ಮ ಕಾಡಿನಲ್ಲಿ ಒಣಹುಲ್ಲು, ಲಂಟಾನಾ ಹಿಡಿದು ನೆಲದಲ್ಲೇ ಹರಿಯುವ ಬೆಂಕಿ ಜಾಸ್ತಿ. ಮೇಲೆ ಮರದ ಸೊಪ್ಪು ದಟ್ಟವಾಗಿದ್ದರೆ ಅದೂ ಅಡ್ಡ ಬರುತ್ತದೆ. ಉತ್ತರ ಅಮೆರಿಕದ ಮೇಲೆ ಟೆಂಪೊ ಅನ್ನುವ ಉಪಗ್ರಹದ ಉಪಕರಣ ಒಂದೇ ಕಡೆ ನಿಂತು ಹಗಲಿನಲ್ಲಿ ಗಂಟೆಗೊಮ್ಮೆ ಮಾಲಿನ್ಯ ಅಳೆಯುತ್ತದೆ. ಅಂಥದ್ದೊಂದು ನಮ್ಮ ಮೇಲೂ ಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಈಗ ನಿಮ್ಮ ಕೈಲಿ ಆಗುವುದೊಂದಿದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣೆ ಉಪಗ್ರಹಕ್ಕೆ ಬೆಂಕಿ ಕಂಡ ಕೂಡಲೇ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಹೆಸರು ನೋಂದಾಯಿಸಿಕೊಳ್ಳಿ. ಸಂದೇಶ ಬರುವ ಮೊದಲೇ ನಿಮಗೆ ಹೊಗೆ ಕಂಡರೆ ಕಾಯಬೇಡಿ, ನೇರ ಅರಣ್ಯ ಇಲಾಖೆಗೆ ಫೋನ್ ಮಾಡಿ.

ನ್ಯೂಜೆರ್ಸಿಯಿಂದ: ತುಂಬಾ ಧನ್ಯವಾದ ಮೇಡಂ. ಈಗ ಮಾಪಕ ನೋಡಿದೆ, ಹಸಿರು ತೋರಿಸುತ್ತಿದೆ. ಮಗನನ್ನು ಆಟಕ್ಕೆ ಬಿಟ್ಟೆ.