ಸೆಂಟು ಆರಿದ ಮೇಲೆ ಉಳಿಯುವ ಕಂಪಿಗೆ ಏನಂತೀರಿ?

ಗೆಳೆಯರೇ,

ಒಂದು ಪದ ಬೇಕಾಗಿದೆ. ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ.

ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಒಂದೇ ಗಂಧದ ಸೆಂಟು. ಮದುವೆಗೆ ಹೊರಟರೂ ಅದೇ, ಹಬ್ಬಕ್ಕೂ ಅದೇ. ಕಂಪನಿಯ ಹೆಸರು ಬೇಡ ಬಿಡಿ. ಅವರೇ ಹೊಸದೊಂದು ತಂದಿದ್ದಾರೆ ಅಂತ ಚಿಕ್ಕಪೇಟೆಯಲ್ಲಿ ಕಂಡು ಹಿಂದೆಮುಂದೆ ನೋಡದೆ ಕೊಂಡೆ, ಬೆಲೆಯೂ ಜಾಸ್ತಿನೇ. ಹಾಕಿಕೊಂಡ ತಕ್ಷಣ ಘಮ್ ಅನ್ನುತ್ತೆ, ನಿಂಬೆ, ಏಲಕ್ಕಿ ಎಲ್ಲ ಇದೆ. ಸಿಲ್ಕ್ ಬೋರ್ಡ್ ದಾಟಿ ಆಫೀಸು ಮುಟ್ಟುವಷ್ಟರಲ್ಲಿ ಗಂಧದ ಸುಳಿವೇ ಇಲ್ಲ, ಕಾಲರಿನಲ್ಲಿ ಏನೋ ಸಿಹಿಸಿಹಿ, ಹೊಸ ಪ್ಲಾಸ್ಟಿಕ್ ಕವರು ಬಿಚ್ಚಿದಾಗ ಬರುತ್ತಲ್ಲ, ಅಂಥದ್ದು. ಲಿಫ್ಟಿನಲ್ಲಿ ಪಕ್ಕದವರು "ಏನೋ ವಾಸನೆ ಬರ್ತಿದೆ ಅಲ್ವಾ?" ಅಂದರು. ವಾಸನೆ! ಅಲ್ಲಿಗೆ ತೀರ್ಪು ಬಂದಂತೆಯೇ.

ಸೆಂಟು ಮಾಡುವವರು ಮೂರು ಹಂತ ಎಣಿಸುತ್ತಾರೆ. ಮೊದಲು ಏಳುವುದು, ನಡುವಿನದು, ಕೊನೆಗೆ ಉಳಿಯುವುದು. ನಿಂಬೆ, ಕಿತ್ತಳೆಯ ಅಂಶ ಹಗುರ, ಬೇಗ ಹಾರಿಹೋಗುತ್ತೆ. ಗಂಧದೆಣ್ಣೆಯಲ್ಲಿರುವ ಸ್ಯಾಂಟಲಾಲ್ ಅನ್ನುವ ಅಂಶ ಭಾರ, ನಿಧಾನಕ್ಕೆ ಏಳುತ್ತೆ, ಆದ್ದರಿಂದಲೇ ಉತ್ತರ ಪ್ರದೇಶದ ಕನೌಜಿನ ಅತ್ತರಿನವರು ಹೂವಿನ ಕಂಪನ್ನು ಗಂಧದೆಣ್ಣೆಗೇ ಇಳಿಸುತ್ತಿದ್ದದ್ದು, ಅದು ಹಿಡಿದಿಟ್ಟುಕೊಳ್ಳುತ್ತೆ ಅಂತ. ಫ್ರಾನ್ಸಿನ ಗೆರ್ಲಾನ್ ಕಂಪನಿಯವರು 1989ರಲ್ಲಿ ತಂದ 'ಸಂಸಾರ' ಅನ್ನುವ ಸೆಂಟಿನಲ್ಲೂ ಗಂಧ, ಮಲ್ಲಿಗೆಯದೇ ಜೋರು. ನಮ್ಮಲ್ಲಂತೂ ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, 1916ರ ಹೊತ್ತಿಗೆ ಮೈಸೂರು ಸರ್ಕಾರವೇ ಎಣ್ಣೆ ತೆಗೆಯಲು ಶುರು ಮಾಡಿತು. ಇಂಥ ಊರಿನವರಾಗಿ ಆ ಕೊನೆಯ ಹಂತಕ್ಕೆ ಒಂದು ಮಾತು ಇಲ್ಲ ಅಂದರೆ ಹೇಗೆ?

ಬರುವ ವಾಸನೆಗೆ ನಮ್ಮಲ್ಲಿ ಪದಗಳಿಗೆ ಬರ ಇಲ್ಲ. ಮೆಣಸಿನಕಾಯಿಗೆ ಘಾಟು, ಹಳೇ ಎಣ್ಣೆಗೆ ಕಮಟು, ತೇವ ತಗುಲಿದ ಅಕ್ಕಿಗೆ ಮುಗ್ಗಲು. ಉಳಿಯುವುದಕ್ಕೆ?

ನನಗೆ ಹೊಳೆದದ್ದು ಸೊಗಡು. ಅವರೆಕಾಯಿ ಕಾಲದಲ್ಲಿ ಸುಲಿದು ನೋಡಿ, ಸಿಪ್ಪೆಯ ಜಿಡ್ಡು ಬೆರಳಿಗೆ ಅಂಟಿ, ಸೋಪು ಹಾಕಿ ತೊಳೆದರೂ ಸುಲಭಕ್ಕೆ ಬಿಡಲ್ಲ. ಕೊಳ್ಳುವಾಗ ಮೂಗಿಗೆ ಹಿಡಿದು "ಸೊಗಡು ಇದೆಯಾ" ಅಂತ ನೋಡಿಯೇ ಕೊಳ್ಳುತ್ತೇವೆ. ಅಂದರೆ ಅಂಟಿಕೊಳ್ಳುವ ಗುಣವೂ ಇದೆ, ಮೆಚ್ಚುಗೆಯೂ ಇದೆ. ಆದರೆ ಪತ್ರಿಕೆಯವರು 'ಗ್ರಾಮೀಣ ಸೊಗಡು' ಅಂತ ಬರೆದು ಬರೆದು ಅದರ ಜೀವ ತೆಗೆದಿದ್ದಾರೆ. ಗಂಧಕ್ಕೆ ಸೊಗಡು ಅಂದರೆ ಯಾರಾದರೂ ಒಪ್ತೀರಾ?

ಇನ್ನೊಂದು, ಬೈಗುಳದಂತೆ ಕೇಳಿದ ಆ 'ವಾಸನೆ'ಯೇ. ಪೂರ್ವಜನ್ಮದ ವಾಸನೆ ಅನ್ನುವಾಗ ಅದು ಹೋಗದೆ ಉಳಿದದ್ದು ತಾನೇ? ನಮಗೆ ಬೇಕಾದ ಅರ್ಥ ಸರಿಯಾಗಿ ಅಲ್ಲಿದೆ. ಬಳಸಲು ಮಾತ್ರ ಆಗಲ್ಲ. ನಿಮ್ಮ ಸೆಂಟಿನ ವಾಸನೆ ಚೆನ್ನಾಗಿದೆ ಅಂತ ಯಾರಿಗಾದರೂ ಹೇಳಿ ನೋಡಿ.

ತಳಗಂಪು, ಉಳಿಗಂಪು ಅಂತ ಹೊಸದಾಗಿ ಕಟ್ಟಿ ಕಳಿಸಬೇಡಿ, ದಯವಿಟ್ಟು. ಅಂಗಡಿಯಲ್ಲಿ ಹಾಗೆ ಕೇಳಿದರೆ ಸುಮ್ನೆ ಮುಖ ನೋಡ್ತಾರೆ. ಅಂಗಡಿಯವರ ಮಾತು ಸರಳ: "ಇದು ನಿಲ್ಲುತ್ತೆ ಸಾರ್", "ಇದು ನಿಲ್ಲಲ್ಲ". ಕ್ರಿಯಾಪದ ಇದೆ, ನಿಲ್ಲುವ ಆ ವಸ್ತುವಿಗೆ ಹೆಸರಿಲ್ಲ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಊದುಬತ್ತಿ ಹೊಸೆಯುವ ಕೆಲಸ ಇದ್ದರೆ, ಬತ್ತಿ ಆರಿದ ಮೇಲೆ ಕೋಣೆಯಲ್ಲಿ ಉಳಿಯುವುದಕ್ಕೆ ಏನನ್ನುತ್ತೀರಿ? ಧಾರವಾಡ, ಮಂಗಳೂರಿನ ಕಡೆಯವರೂ ಹೇಳಿ. ಹಾಗೆಯೇ 'ಘಮಲು' ನಿಮ್ಮ ಕಡೆ ಹೊಗಳಿಕೆಯೋ ತೆಗಳಿಕೆಯೋ, ಅದನ್ನೂ ತಿಳಿಸಿ.